ಫ್ರೋಡೊನ ಮೂರು ಸಾವುಗಳು: ಯುವ ಬರಹಗಾರರಿಗೊಂದು ಪತ್ರ

ಸರಸ್ವತಿಪುರಂ, ಮೈಸೂರು

ಪ್ರಿಯ ಕಿರಿಯ ಮಿತ್ರರೇ,

ನಮಸ್ಕಾರ. ನೀವು ಮಂಡ್ಯದಿಂದ ಕಳುಹಿಸಿದ ಮೂರು ಕಥೆಗಳನ್ನೂ ಓದಿದೆ. ಮೂರಕ್ಕೂ ನಾಯಕ ಫ್ರೋಡೊ, ಟೋಲ್ಕಿನ್ ಅವರ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯಲ್ಲಿ ಕೇಡಿನ ಉಂಗುರವೊಂದನ್ನು ಅಗ್ನಿಪರ್ವತದ ಬೆಂಕಿಗೆ ಹಾಕಿ ನಾಶಮಾಡಲು ಹೊರಡುವವನು. ಅವನು ಮೊದಲ ಕಥೆಯಲ್ಲಿ ಓರ್ಕ್ ಎಂಬ ರಕ್ಕಸರ ಸೆರೆಯಲ್ಲಿ ಚಿತ್ರಹಿಂಸೆಯಿಂದ ಸಾಯುತ್ತಾನೆ, ಎರಡನೆಯದರಲ್ಲಿ ಉಂಗುರ ತೊಟ್ಟು ತಾನೇ ಕ್ರೂರ ಅರಸನಾಗುತ್ತಾನೆ, ಮೂರನೆಯದರಲ್ಲಿ ಉಂಗುರದೊಡನೆ ಬೆಂಕಿಗೆ ಹಾರುತ್ತಾನೆ. ಇಷ್ಟೊಂದು ಪ್ರೀತಿಸಿದ ಪಾತ್ರಕ್ಕೆ ಇಂಥ ಗತಿ ತರುವುದು ತಪ್ಪಲ್ಲವೇ ಎಂದು ಕೇಳಿದ್ದೀರಿ.

ತಪ್ಪಲ್ಲ. ಮಹಾಭಾರತದ ಅಶ್ವತ್ಥಾಮ ಚಿರಂಜೀವಿ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೂ ನಿಮ್ಮ ಜಿಲ್ಲೆಯ ಬೆಳ್ಳೂರನ್ನು ಹೆಸರಿನ ಮೊದಲಲ್ಲೇ ಇಟ್ಟುಕೊಂಡಿದ್ದ, ಇಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಬಿ.ಎಂ.ಶ್ರೀ ಅವರು 1929ರ ‘ಅಶ್ವತ್ಥಾಮನ್’ ನಾಟಕದಲ್ಲಿ ಅವನು ತನ್ನ ಕೈಯಾರೆ ಪ್ರಾಣ ಬಿಡುವಂತೆ ಮಾಡಿದರು. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ‘ಅಜಾಕ್ಸ್’ ಅವರಿಗೆ ಮಾದರಿಯಾಗಿತ್ತು. ಆದರೆ ಗ್ರೀಕ್ ವೀರನ ಸಾವು ನಮ್ಮ ಅಶ್ವತ್ಥಾಮನಿಗೆ ಒಗ್ಗಿದ್ದೇಕೆ ಎಂಬುದನ್ನು ಯೋಚಿಸಿ. ಮಲಗಿದ್ದ ಎಳೆಯರನ್ನು ಕೊಂದವನ ಅಭಿಮಾನದಲ್ಲಿ ಅಂಥ ಸಾವಿಗೆ ವ್ಯಾಸರ ಕಥೆಯಲ್ಲೇ ಜಾಗವಿತ್ತು.

ನಿಮ್ಮ ಮೊದಲ ಕಥೆ ನನಗೆ ಹಿಡಿಸದಿರಲು ಇದೇ ಕಾರಣ. ಆ ಸೆರೆಯಲ್ಲಿ ಫ್ರೋಡೊನ ಬದಲು ಬೇರೆ ಯಾರಿದ್ದರೂ ಹಾಗೆಯೇ ಸಾಯುತ್ತಿದ್ದರು. ಮೂಲ ಕಥೆಯಲ್ಲಿ ಅವನ ವಿಧಿ ಕವಲೊಡೆಯುವ ಜಾಗವನ್ನು ಹುಡುಕಿ, ಅಲ್ಲಿ ಒಂದನ್ನು ಮಾತ್ರ ಬದಲಾಯಿಸಿ, ಮುಂದಿನದನ್ನೆಲ್ಲ ಪಾತ್ರಗಳ ಸ್ವಭಾವಕ್ಕೆ ಬಿಡಿ ಎಂಬುದೊಂದೇ ನಾನು ನಿಮಗೆ ಹೇಳಬೇಕಾದದ್ದು.

ಶತ್ರುವಿನ ನಾಡಾದ ಮೋರ್ಡರ್‌ಗೆ ಹೋಗುವ ಬೆಟ್ಟದ ದಾರಿ ಸಿರಿತ್ ಉಂಗೋಲ್‌ನ ಮೆಟ್ಟಿಲುಗಳ ಪ್ರಸಂಗವನ್ನು ಮತ್ತೊಮ್ಮೆ ಓದಿ. ಫ್ರೋಡೊ ತನ್ನ ನಂಬಿಕಸ್ಥ ಸೇವಕ ಸ್ಯಾಮ್‌ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಸ್ಯಾಮ್ ಕೂಡ ಕುಳಿತಲ್ಲೇ ನಿದ್ದೆಹೋಗಿದ್ದಾನೆ. ಇಬ್ಬರನ್ನೂ ದೈತ್ಯ ಜೇಡಕ್ಕೆ ಬಲಿಕೊಡುವ ಹೊಂಚಿನಲ್ಲಿದ್ದ, ಹಿಂದೆ ಉಂಗುರವನ್ನು ಇಟ್ಟುಕೊಂಡಿದ್ದು ಈಗ ಇವರಿಗೆ ದಾರಿ ತೋರಿಸುತ್ತಿರುವ ಗೊಲ್ಲಮ್ ಹಿಂದಿರುಗಿ ಬಂದು ಈ ದೃಶ್ಯವನ್ನು ನೋಡಿ ಕರಗುತ್ತಾನೆ, ನಡುಗುವ ಕೈ ಚಾಚಿ ಫ್ರೋಡೊನ ಮೊಣಕಾಲನ್ನು ಮೆಲ್ಲನೆ ಮುಟ್ಟುತ್ತಾನೆ. ಅಷ್ಟರಲ್ಲಿ ಎಚ್ಚರಗೊಂಡ ಸ್ಯಾಮ್, ಕಳ್ಳನಂತೆ ಎಲ್ಲಿ ಹೋಗಿದ್ದೆ ಎಂದು ಗದರಿಬಿಡುತ್ತಾನೆ. ಗೊಲ್ಲಮ್‌ನ ಮನಸ್ಸು ಮತ್ತೆಂದೂ ಹಾಗೆ ತೆರೆದುಕೊಳ್ಳುವುದಿಲ್ಲ. ಇಡೀ ಕಥೆಯಲ್ಲಿ ತಮಗೆ ಬಹುಶಃ ಅತ್ಯಂತ ದುರಂತಮಯವಾಗಿ ಕಾಣುವ ಗಳಿಗೆ ಇದೇ ಎಂದು ಟೋಲ್ಕಿನ್ 1963ರಲ್ಲಿ ಓದುಗರೊಬ್ಬರಿಗೆ ಬರೆದರು. ಸ್ಯಾಮ್ ಗದರದೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಅದೇ ಪತ್ರದಲ್ಲಿ ಊಹಿಸಿದರು: ಗೊಲ್ಲಮ್ ಕೊನೆಯಲ್ಲಿ ಉಂಗುರವನ್ನು ಹೇಗೂ ಕಸಿದುಕೊಳ್ಳುತ್ತಿದ್ದ, ಆದರೆ ಅದು ಕೈಸೇರಿದ ಮೇಲೆ ಫ್ರೋಡೊನಿಗಾಗಿ ತಾನಾಗಿಯೇ ಬೆಂಕಿಗೆ ಬೀಳುತ್ತಿದ್ದ. ಗೊಲ್ಲಮ್ ಅಡ್ಡ ಬಾರದೆ ಉಂಗುರ ಫ್ರೋಡೊನ ಬಳಿಯೇ ಉಳಿದಿದ್ದರೆ ಅವನೂ ಬಹುಶಃ ಆ ದಾರಿಯನ್ನೇ ಹಿಡಿಯಬೇಕಾಗುತ್ತಿತ್ತು ಎಂದೂ ಬರೆದಿದ್ದಾರೆ. ಅಂದರೆ ನಿಮ್ಮ ಮೂರನೆಯ ಕಥೆ ಸೃಷ್ಟಿಕರ್ತನೇ ಕಂಡಿದ್ದ ದಾರಿಯಲ್ಲಿದೆ, ಅದಕ್ಕಾಗಿ ನಿಮ್ಮನ್ನು ಮನಸಾರೆ ಅಭಿನಂದಿಸುತ್ತೇನೆ.

ಎರಡನೆಯ ಕಥೆಯ ಫ್ರೋಡೊ ಒಂದೇ ರಾತ್ರಿಯಲ್ಲಿ ಕ್ರೂರನಾಗುತ್ತಾನೆ, ಅವನಿಗೆ ಹಿಂದಿರುಗಲು ನೀವು ಬಾಗಿಲನ್ನೇ ಇಟ್ಟಿಲ್ಲ. ನಿಮ್ಮ ಕಡೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಆಡುವಾಗ ಕರ್ಣ ಸಾಯುತ್ತಾನೆಂಬುದು ಗೊತ್ತಿದ್ದೂ ಜನ ಕುಂತಿ ಬರುವ ದೃಶ್ಯಕ್ಕಾಗಿ ನಿದ್ದೆಗೆಟ್ಟು ಕಾಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ರಾಗ ಎತ್ತುವ ಹೊತ್ತಿಗೆ ಅಲ್ಲೊಂದು ಬಾಗಿಲು ತೆರೆದೇ ಇರುತ್ತದೆ: ಹೂಂ ಎಂದರೆ ತಾಯಿ, ತಮ್ಮಂದಿರು, ರಾಜ್ಯ ಎಲ್ಲವೂ ಸಿಗುತ್ತದೆ. ಅದನ್ನು ಅವನು ತಾನೇ ಮುಚ್ಚುತ್ತಾನೆ. ಫ್ರೋಡೊನ ಮುಂದೆಯೂ ಅಂಥ ಗಳಿಗೆಯೊಂದನ್ನು ತನ್ನಿ.

ಮೂಲದ ಮುಕ್ತಾಯವೂ ಸುಖದ್ದಲ್ಲ ಎಂಬುದನ್ನು ಮರೆಯಬೇಡಿ. ಊರಿಗೆ ಮರಳಿದ ಫ್ರೋಡೊ ಗಾಯಗೊಂಡ ದಿನಗಳು ವರ್ಷವರ್ಷವೂ ಬಂದಾಗ ಕಾಯಿಲೆ ಬೀಳುತ್ತಾನೆ, ತಾನು ಉಳಿಸಿದ ನೆಲದಲ್ಲಿ ತಾನೇ ಬಾಳಲಾರದೆ ಹಡಗು ಹತ್ತುತ್ತಾನೆ. ಇದಕ್ಕಿಂತ ಘೋರವಾದುದನ್ನು ಬರೆಯಬೇಕೆಂಬ ಹಟ ಬೇಡ. ಇದರಲ್ಲಿ ಕಾಣದ ಸತ್ಯವೊಂದು ನಿಮ್ಮ ಮುಕ್ತಾಯದಲ್ಲಿ ಕಾಣಬೇಕು.

ಹಾಗಾಗಿ ಮೊದಲ ಕಥೆಯನ್ನು ಬಿಟ್ಟುಬಿಡಿ, ಎರಡನೆಯದನ್ನು ಕೆಲವು ತಿಂಗಳು ಮುಟ್ಟಬೇಡಿ. ಮೂರನೆಯದರಲ್ಲಿ ಬೆಂಕಿಯ ವರ್ಣನೆಗೆ ಎರಡು ಪುಟ ಕೊಟ್ಟಿದ್ದೀರಿ, ಸ್ಯಾಮ್‌ಗೆ ಒಂದು ಸಾಲು. ಮೋರ್ಡರ್‌ನಲ್ಲಿ ಹೊರೆ ಇಳಿಸಲೆಂದು ತನಗೆ ಪ್ರಾಣವಾಗಿದ್ದ ಅಡುಗೆ ಪಾತ್ರೆಗಳನ್ನೂ ಬಿರುಕಿಗೆ ಎಸೆದು, ಅವು ಬಿದ್ದ ಸದ್ದಿಗೆ ಎದೆಯೊಡೆದುಕೊಂಡವನು ಅವನು. ಒಡೆಯನೂ ಹೋದ ಮೇಲೆ ಅವನು ಏನು ಮಾಡುತ್ತಾನೆ, ಮೆಟ್ಟಿಲ ಮೇಲೆ ತಾನು ಗದರಿದ್ದು ಅವನಿಗೆ ಎಂದಾದರೂ ನೆನಪಾಗುತ್ತದೆಯೇ ಎಂಬುದನ್ನು ಬರೆದು ಕಳುಹಿಸಿ. ಯುಗಾದಿಯೊಳಗೆ ಬಂದರೆ ನಿಧಾನವಾಗಿ ಓದಿ ಉತ್ತರಿಸಲು ನನಗೂ ಬಿಡುವಿರುತ್ತದೆ.

ಇಂತಿ,
ನಿಮ್ಮ ಹಿತೈಷಿ