ಕಿಶಿನೌಗೆ ರೈಲಿನಲ್ಲೇ ಹೋಗು

ಪ್ರಿಯ ರಘು,

ರೊಮೇನಿಯಾದ ಬುಕಾರೆಸ್ಟ್‌ನಿಂದ ಮೊಲ್ಡೋವಾದ ರಾಜಧಾನಿ ಕಿಶಿನೌಗೆ ವಿಮಾನವೋ ರೈಲೋ ಅಂತ ಕೇಳಿದ್ದೀಯ. ವಿಮಾನಕ್ಕೆ ಸುಮಾರು ಒಂದು ಗಂಟೆ ಸಾಕು, ರೈಲಿಗೆ ಒಂದಿಡೀ ರಾತ್ರಿ ಬೇಕು. ಆದರೂ ರೈಲಿನಲ್ಲೇ ಹೋಗು ಮಾರಾಯ.

ರೈಲಿನ ಹೆಸರು ಪ್ರಿಯೆತೆನಿಯಾ. ಸಂಜೆ ಗಾರಾ ದೆ ನೋರ್ಡ್ ನಿಲ್ದಾಣದಿಂದ ಹೊರಡುತ್ತದೆ. ಸೋವಿಯತ್ ಕಾಲದ ಬೋಗಿಗಳು, ನಾಲ್ಕು ಬರ್ತ್‌ನ ಕೂಪೆ. ಯಾಶ್ ಊರು ಬರುವ ಮೊದಲೇ ಶೌಚಾಲಯಕ್ಕೆ ಹೋಗಿ ಬಾ, ಆಮೇಲೆ ಬೀಗ ಬೀಳುತ್ತದೆ. ಗಡಿಯಲ್ಲಿ ಪ್ರುತ್ ನದಿ. ಅದರ ಮೇಲಿನ ಸೇತುವೆ 1877ರದ್ದು, ಗುಸ್ತಾವ್ ಐಫೆಲ್ ಕಟ್ಟಿದ್ದು. ಪ್ಯಾರಿಸ್ಸಿನ ಗೋಪುರ ಎದ್ದಿದ್ದು ಆಮೇಲೆ. ಕತ್ತಲಲ್ಲಿ ಸೇತುವೆ ಕಾಣುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ.

ಆಚೆ ದಡದ ಉಂಗೇನಿಯಲ್ಲಿ ನಿದ್ದೆಯ ಆಸೆ ಬಿಡು. ರೊಮೇನಿಯಾದ ಹಳಿ 1435 ಮಿಲಿಮೀಟರ್ ಅಗಲ. ಮೊಲ್ಡೋವಾದ್ದು ರಷ್ಯನ್ನರ ಅಳತೆ, 1520. ಈ 85 ಮಿಲಿಮೀಟರ್‌ಗೋಸ್ಕರ ನಮ್ಮನ್ನು ಒಳಗೇ ಮಲಗಿಸಿಕೊಂಡು ಬೋಗಿಯನ್ನು ಜಾಕಿ ಹಾಕಿ ಮೇಲೆತ್ತುತ್ತಾರೆ. ಕೆಳಗಿನ ಚಕ್ರಗಳನ್ನೆಲ್ಲ ತೆಗೆದು ಬೇರೆ ಚಕ್ರ ಜೋಡಿಸುತ್ತಾರೆ. ಎರಡು ಗಂಟೆಯಾದರೂ ಹಿಡಿಯುತ್ತದೆ. ನಡುವೆ ಪಾಸ್‌ಪೋರ್ಟ್ ನೋಡುವವರು ಬರುತ್ತಾರೆ. ನಾನು ಹೋದಾಗ ಎದುರು ಬರ್ತ್‌ನ ಹೆಂಗಸು ಮಾತ್ರ ಗೊರಕೆ ಹೊಡೆಯುತ್ತಲೇ ಇದ್ದರು. ಅಭ್ಯಾಸಬಲ!

ಕಿಶಿನೌನಲ್ಲಿ ನೋಡಲು ಏನಿಲ್ಲ ಅಂತ ಕೆಲವರು ಹೇಳುತ್ತಾರೆ. ತೀರಾ ಸುಳ್ಳೇನಲ್ಲ. 1940ರ ಭೂಕಂಪ, ಅದರ ಬೆನ್ನಿಗೇ ಯುದ್ಧ, ಹಳೆಯ ಊರು ಹೆಚ್ಚಿನಂಶ ನೆಲಸಮವಾಯಿತು. ಚರ್ಚು, ವಿಜಯದ ಕಮಾನು, ಹಳೆಯ ಕಾಲದ ದೊರೆ ಸ್ತೆಫಾನ್ ಚೆಲ್ ಮಾರೆಯ ಪ್ರತಿಮೆ, ಎಲ್ಲ ಒಂದು ಬೆಳಗಿಗೆ ಮುಗಿಯುತ್ತದೆ. ಅದಕ್ಕೇ ಹೇಳುವುದು, ಹೋಟೆಲ್ ಹಿಡಿದರೆ ಬೇಜಾರಾಗುತ್ತದೆ, ಯಾರದಾದರೂ ಮನೆಯಲ್ಲಿ ಉಳಿದುಕೋ ಅಂತ.

ನಾನು ಉಳಿದದ್ದು ಸಹೋದ್ಯೋಗಿಯ ಚಿಕ್ಕಮ್ಮನ ಮನೆಯಲ್ಲಿ, ಬೊಟಾನಿಕಾ ಬಡಾವಣೆಯ ಹಳೇ ಅಪಾರ್ಟ್‌ಮೆಂಟು. ಗಂಡ, ಹೆಂಡತಿ, ಮೊಮ್ಮಗಳು. ಮಗಳು ಇಟಲಿಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅಲ್ಲಿ ಇಂಥ ಮನೆಗಳು ಜಾಸ್ತಿ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಒಳಗೆ ಓಡಾಡಲು ಅವರೇ ಬೇರೆ ಚಪ್ಪಲಿ ಕೊಡುತ್ತಾರೆ. ಬಾಲ್ಕನಿಗೆ ಗಾಜು ಹಾಕಿಸಿ ಉಪ್ಪಿನಲ್ಲಿ ಹಾಕಿದ ಟೊಮೇಟೊ, ಸೌತೆಯ ಜಾಡಿಗಳನ್ನು ತುಂಬಿಟ್ಟಿದ್ದಾರೆ. ಕೆಳಗೆ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹಳ್ಳಿಯಿಂದ ಬಂದ ವೈನು. ಮಾಂಸ ತಿನ್ನಲ್ಲ ಅಂದೆ. ಆ ಅಮ್ಮ ಒಂದು ಗಳಿಗೆ ಯೋಚಿಸಿ ಮಮಲಿಗಾ ಮಾಡಿದರು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ನು. ಚಾಕು ಮುಟ್ಟಿಸದೆ ದಾರದಲ್ಲಿ ಕತ್ತರಿಸಿ, ಉಪ್ಪು ಚೀಸು, ಹುಳಿ ಕೆನೆ ಜೊತೆ ಬಡಿಸಿದರು. ಸಾಕು ಅಂದರೆ ಕೇಳುವವರಲ್ಲ. ಯಜಮಾನರು ಲೋಟ ಖಾಲಿಯಾಗಲು ಬಿಡುವವರಲ್ಲ. ಅಲ್ಲಿ ನೆಂಟನಾಗಿರುವುದೂ ಒಂದು ದುಡಿಮೆಯೇ!

ನನಗೆ ಮನಸ್ಸಿನಲ್ಲಿ ಉಳಿದದ್ದು ಆ ಅಮ್ಮನ ಅಡುಗೆ ಪುಸ್ತಕ. ಭಾಷೆ ರೊಮೇನಿಯನ್, ಲಿಪಿ ರಷ್ಯನ್ನರದು. ಸೋವಿಯತ್ ಶಾಲೆಯಲ್ಲಿ ಆಕೆಗೆ ತಾಯಿನುಡಿಯನ್ನು ಕಲಿಸಿದ್ದೇ ಹಾಗೆ. 1989ರಲ್ಲಿ ಲ್ಯಾಟಿನ್ ಲಿಪಿ ವಾಪಸ್ ಬಂತು. ಮೊಮ್ಮಗಳು ಕಲಿತಿರುವುದು ಅದನ್ನೇ. ಅಜ್ಜಿಯ ಪುಸ್ತಕ ಕೊಟ್ಟರೆ ಅಕ್ಷರ ಅಕ್ಷರ ಕೂಡಿಸಿ ತಡವರಿಸುತ್ತಾಳೆ. ನಮ್ಮಜ್ಜಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟ ಕೊಂಕಣಿ ಹಾಡುಗಳನ್ನು ಗೋವಾದ ನೆಂಟರು ತಿರುಗಿಸಿ ಮುರುಗಿಸಿ ನೋಡುತ್ತಿದ್ದರಲ್ಲ, ಹಾಗೆ. ಆದರೆ ನಮ್ಮ ಮನೆಯಲ್ಲಿ ಯಾವ ಸರ್ಕಾರವೂ ಲಿಪಿ ಬದಲಿಸಿರಲಿಲ್ಲ.

ಚಳಿಗಾಲಕ್ಕೆ ಹೋಗುವುದಾದರೆ ದಪ್ಪ ಸ್ವೆಟರ್ ಇಟ್ಟುಕೋ. ಇಂಥ ಕಟ್ಟಡಗಳಿಗೆ ಬಿಸಿನೀರು ಊರಿನ ಸ್ಥಾವರದಿಂದ ಕೊಳವೆಯಲ್ಲಿ ಬರುತ್ತದೆ. ಹೀಟರ್ ಯಾವಾಗ ಶುರು ಅನ್ನುವುದು ಮನೆಯವರ ಕೈಯಲ್ಲಿಲ್ಲ. 2021ರ ಕೊನೆಗೆ ಗ್ಯಾಸ್ ಬೆಲೆ ಏರಿದ ಮೇಲಂತೂ ಬಿಲ್ ಬಂದ ದಿನ ಊಟದ ಮೇಜಿನ ಮೇಲೆ ಬೇರೆ ಮಾತೇ ಇಲ್ಲವಂತೆ.

ಕೈಯಲ್ಲಿ ಹೂವು ಹಿಡಿದು ಹೋಗು, ಆದರೆ ಬೆಸ ಸಂಖ್ಯೆಯಲ್ಲಿ. ಸರಿ ಸಂಖ್ಯೆಯ ಹೂವು ಅಲ್ಲಿ ಸಾವಿನ ಮನೆಗೆ. ತಾರೀಕು ಗಟ್ಟಿಯಾದರೆ ಬೇಗ ತಿಳಿಸು, ಚಿಕ್ಕಮ್ಮನಿಗೆ ಫೋನ್ ಮಾಡಿಸುತ್ತೇನೆ. ನೀನು ಮಾಂಸ ತಿನ್ನುತ್ತೀ ಅಂದರೆ ಅವರಿಗೆ ಬಹಳ ಖುಷಿಯಾಗುತ್ತದೆ.

ನಿನ್ನ,
ಸುಧೀರ