ತಾಯಿ ಮಕ್ಕಳು ಅಗಲದಿರಲಿ: ದೇಣಿಗೆಗಾಗಿ ಮನವಿ

ಮಾನ್ಯರೇ,

ಚಿಕ್ಕಮಗಳೂರು ಜಿಲ್ಲೆಯ ಎಷ್ಟೋ ಕಾಫಿ ತೋಟಗಳಲ್ಲಿ ಕೂಲಿಕಾರರ ಸಾಲುಮನೆ, ಅಂದರೆ ಲೈನ್ ಮನೆ, ಸಿಗುವುದು ಗಂಡನ ಹೆಸರಿಗೆ. ಹೊಡೆಯುವ ಗಂಡನನ್ನು ಬಿಟ್ಟು ಹೊರಟವಳಿಗೆ ಸೂರು ಹೋಗುತ್ತದೆ, ಕೂಲಿ ಹೋಗುತ್ತದೆ, ಮಕ್ಕಳಿಗೆ ಶಾಲೆ ತಪ್ಪುತ್ತದೆ. ಅದಕ್ಕೇ ಅನೇಕರು ಪೆಟ್ಟು ತಿಂದುಕೊಂಡೇ ಅಲ್ಲಿ ಉಳಿಯುತ್ತಾರೆ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆಯಿಂದ, ನಗರದ ಬಾಡಿಗೆ ಮನೆಗಳಿಂದ ಹಾಗೆ ಹೊರಬಂದ ತಾಯಿ ಮಕ್ಕಳಿಗೆ ನಮ್ಮ ಟ್ರಸ್ಟ್ ಆಶ್ರಯ ಕೊಡುತ್ತಿದೆ.

ಇದು ಕೂಲಿಕಾರರ ಮನೆಯ ತೊಂದರೆ ಮಾತ್ರ ಎಂದುಕೊಳ್ಳಬೇಡಿ. ಕಾರು, ತೋಟ, ಸರ್ಕಾರಿ ನೌಕರಿ ಎಲ್ಲವೂ ಇದ್ದ ಮನೆಗಳಿಂದಲೂ ಹೆಣ್ಣುಮಕ್ಕಳು ಬಂದಿದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರ ಪೈಕಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದ್ದಾರೆ. ಇದು ಉಂಡು ಮಲಗುವ ತನಕದ ಜಗಳವಲ್ಲ.

ಒಬ್ಬ ತಾಯಿ ಮಳೆಗಾಲದ ರಾತ್ರಿ ಬಂದಾಗ ಕೈಯಲ್ಲಿದ್ದ ಒಂದೇ ದಾಖಲೆ ತಾಯಿ ಕಾರ್ಡ್. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಿದ್ದರು. ಅವರ ಮಗ ಎರಡನೇ ತರಗತಿಯವನು. ಎಲ್ಲರ ಚಪ್ಪಲಿ ಬಾಗಿಲ ಬಳಿ ಇದ್ದರೆ ಅವನದು ಮಾತ್ರ ಚಾಪೆಯ ಪಕ್ಕದಲ್ಲಿ, ಎದ್ದ ಕೂಡಲೇ ಕಾಲಿಗೆ ಸಿಗುವಂತೆ. ಅವನಿಗೆ ಯಾರೂ ಬೈಯುವುದಿಲ್ಲ. ಶಾಲೆಗಂತೂ ಬೇಗನೆ ಸೇರಿಸಿದೆವು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ.

ಕಾನೂನು ಹೆಣ್ಣಿನ ಪರವಾಗಿಯೇ ಇದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ರಕ್ಷಣೆ, ವಾಸದ ಹಕ್ಕು, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದಿಗೆ ಆದೇಶ ಕೊಡಬಹುದು. ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. ಅರ್ಜಿಯನ್ನು 60 ದಿನಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದೂ ಕಾಯ್ದೆಯಲ್ಲಿದೆ. ಆದರೆ ನಾವು ಕಂಡ ಪ್ರಕರಣಗಳು ತಿಂಗಳುಗಟ್ಟಲೆ ಎಳೆದಿವೆ. ಹಿಂಸೆಗೊಳಗಾದ ಹೆಣ್ಣುಮಕ್ಕಳಿಗೆಂದು ಸರ್ಕಾರ ನಡೆಸುವ ಸಖಿ ಕೇಂದ್ರದಲ್ಲಿ ತಂಗಲು ಅವಕಾಶವಿರುವುದು ಸಾಮಾನ್ಯವಾಗಿ ಐದು ದಿನ. ಆಮೇಲೆ ಎಲ್ಲಿ? ಈ ನಡುವಿನ ತಿಂಗಳುಗಳಲ್ಲೇ ಕೈಯಲ್ಲಿ ಕಾಸಿಲ್ಲದ ತಾಯಿ ಮಗುವನ್ನು ಯಾರದೋ ಮನೆಗೆ ಬಿಡುತ್ತಾಳೆ, ಇಲ್ಲವೇ ಹೊಡೆಯುವವನ ಮನೆಗೇ ಮರಳುತ್ತಾಳೆ. ಹಾಗಾಗಬಾರದು. ನಿಮ್ಮ ಹಣ ಬೇಕಾಗಿರುವುದು ಈ ತಿಂಗಳುಗಳಿಗೆ.

ಊಟ, ಔಷಧಿ, ಪುಸ್ತಕ, ಸಮವಸ್ತ್ರಗಳ ಖರ್ಚು ಇದ್ದೇ ಇದೆ. ನ್ಯಾಯಾಲಯಕ್ಕೆ ಓಡಾಡುವ ಬಸ್ ಖರ್ಚೂ ಕಡಿಮೆಯಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗಿಲ್ಲ, ಮಲೆನಾಡಿನ ಬಹಳ ಊರುಗಳಿಗೆ ಹೋಗುವುದು ಖಾಸಗಿ ಬಸ್ಸೇ. ಎಲ್ಲಕ್ಕಿಂತ ಭಾರವಾದದ್ದು ಬಾಡಿಗೆ ಮನೆಯ ಮುಂಗಡ. ಕೆಲಸ ಸಿಕ್ಕ ಮೇಲೂ ಮುಂಗಡ ಹೊಂದಿಸಲಾಗದೆ ನಮ್ಮಲ್ಲೇ ಉಳಿದ ತಾಯಂದಿರಿದ್ದಾರೆ. ಒಬ್ಬರಿಗೆ ಮುಂಗಡ ಒದಗಿದರೆ ಮತ್ತೊಬ್ಬರಿಗೆ ಇಲ್ಲಿ ಜಾಗವಾಗುತ್ತದೆ.

ತೋಟದ ಮಾಲೀಕರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇವೆ: ದುಡಿಯುವ ಹೆಣ್ಣಿಗೆ ಅವಳ ಹೆಸರಿನಲ್ಲೇ ಲೈನ್ ಮನೆ ಕೊಡಿ. ಅದು ಯಾವ ದೇಣಿಗೆಗೂ ಕಡಿಮೆಯಲ್ಲ.

ಈ ಮನವಿಯಲ್ಲಿ ತಾಯಿ ಮಕ್ಕಳ ಫೋಟೋ ಹಾಕಿಲ್ಲ, ಹಾಕುವುದೂ ಇಲ್ಲ. ಆಶ್ರಯದ ವಿಳಾಸವನ್ನು ದಾನಿಗಳಿಗೂ ತಿಳಿಸುವುದಿಲ್ಲ. ಹುಡುಕಿಕೊಂಡು ಬರುವ ಗಂಡಂದಿರಿದ್ದಾರೆ, ದಯವಿಟ್ಟು ಬೇಸರಿಸಬೇಡಿ. ಹಣವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೆ ಅಥವಾ ಚೆಕ್ ಮೂಲಕ ನೀಡಿ, ರಸೀದಿ ಪಡೆಯಿರಿ. ಅಕ್ಕಿ, ಬೇಳೆ, ಹೊಸ ಕಂಬಳಿಗಳನ್ನು ನಗರದ ನಮ್ಮ ಕಚೇರಿಗೆ ತಲುಪಿಸಬಹುದು.

ನಿಮ್ಮ ನೆರೆಯಲ್ಲೇ ಇಂಥ ತಾಯಿಯಿದ್ದರೆ ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತಿದ್ದರೆ 112ಕ್ಕೆ ಕರೆ ಮಾಡಿ.

ಇಂತಿ,
ಟ್ರಸ್ಟಿನ ಆಡಳಿತ ಮಂಡಳಿ, ಚಿಕ್ಕಮಗಳೂರು