ಅಪ್ಪ-ಅಮ್ಮಂದಿರಿಗೂ ಒಂದು ಅಳತೆಗೋಲು ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನ ಮಾಲ್‌ಗಳಲ್ಲಿ, ಮೈದಾನದ ಎಕ್ಸಿಬಿಷನ್‌ಗಳಲ್ಲಿ, ಬಿಡದಿ ಕಡೆಯ ದೊಡ್ಡ ಪಾರ್ಕಿನಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಕಂಬಳಿಹುಳುವಿನ ಆಕಾರದ ರೈಲು ನಿಂತಿರುತ್ತದೆ. ಮಕ್ಕಳೆಲ್ಲ ಇಳಿದು ಓಡಿಯಾಗಿರುತ್ತದೆ. ಮೂರನೇ ಡಬ್ಬಿಯಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಒಬ್ಬ ಅಪ್ಪ ಮಾತ್ರ ಕೂತೇ ಇರುತ್ತಾರೆ. ಸರದಿಯಲ್ಲಿ ನಿಂತವರ ಮೊಬೈಲುಗಳು ಮೇಲೆದ್ದಿರುತ್ತವೆ. ‘ಬೇಗ ಬಾ ಪಪ್ಪಾ’ ಎಂದು ಮಗು ಬೇಲಿಯಾಚೆಯಿಂದ ಕೂಗುತ್ತಿರುತ್ತದೆ. ನಗು ಬರುವಂಥದ್ದೇ, ನಗಲಿ. ಆದರೆ ತಪ್ಪೆಲ್ಲ ಆ ಅಪ್ಪನ ಹೊಟ್ಟೆಯದು ಎಂದು ತೀರ್ಪು ಕೊಡುವ ಮುಂಚೆ, ಈ ಯಂತ್ರಗಳ ನಟ್ಟು-ಬೋಲ್ಟು ಬಲ್ಲವರಾಗಿ ನಮ್ಮದೂ ಎರಡು ಮಾತು ಇದೆ.

ಮೊದಲು ಅಳತೆ ನೋಡಿ. ಐದು ವರ್ಷದ ಮಗು ಕೂತಾಗ ಸೊಂಟದ ಅಗಲ ಸುಮಾರು 8 ಇಂಚು, ಬೆನ್ನಿನಿಂದ ಮಂಡಿಯ ತುದಿಗೆ ಸುಮಾರು 14 ಇಂಚು. ದೊಡ್ಡವರಲ್ಲಿ ಇದೇ ಅಳತೆ 14-15 ಮತ್ತು 22-23 ಇಂಚು. ಸೀಟು ಮಾಡಿರುವುದು ಮಗುವಿನ ಲೆಕ್ಕಕ್ಕೆ. ಹಾಗಿದ್ದೂ ದೊಡ್ಡವರು ಒಳಗೆ ಹೋಗುವುದು ಹೇಗೆಂದರೆ, ಫೈಬರ್ ಸೀಟು ಬಕೆಟ್ಟಿನ ಹಾಗೆ ಮೇಲೆ ಅಗಲ, ಕೆಳಗೆ ಕಿರಿದು. ಮೈಭಾರವೇ ಕೆಳಕ್ಕೆ ಒತ್ತುತ್ತದೆ, ಮಾಂಸ ಅದುಮಿಕೊಂಡು ಜಾಗ ಮಾಡಿಕೊಡುತ್ತದೆ. ಏಳುವಾಗ ಈ ಉಪಕಾರ ಇಲ್ಲ. ಯಾರೇ ಆಗಲಿ ಕುರ್ಚಿಯಿಂದ ಏಳುವ ಮುಂಚೆ ಪಾದವನ್ನು ಹಿಂದಕ್ಕೆಳೆದು ಮೈಯಡಿಗೆ ತಂದುಕೊಳ್ಳುತ್ತಾರೆ, ಗಮನಿಸಿ ನೋಡಿ. ಡಬ್ಬಿಯಲ್ಲಿ ಮಂಡಿ ಮುಂದಿನ ಗೋಡೆಗೆ ಒತ್ತಿರುತ್ತದೆ, ಪಾದಕ್ಕೆ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಕೈ ಊರಿ ಎಷ್ಟು ತಿಣುಕಿದರೂ ಪ್ರಯೋಜನವಿಲ್ಲ. ಹಿಂಜೇಬಿನಲ್ಲಿ ಪರ್ಸು, ಪಕ್ಕದ ಜೇಬಿನಲ್ಲಿ ಮೊಬೈಲು, ಬೈಕಿನ ಕೀ ಗೊಂಚಲು ಇದ್ದರಂತೂ ಇನ್ನೊಂದು ಇಂಚು ಸೇರಿತು ಎನ್ನಿ.

ಬಿಡಿಸಿಕೊಳ್ಳಬೇಕೆಂದರೆ ನೇರವಾಗಿ ಮೇಲೇಳಲು ಹೋಗಬಾರದು. ಜೇಬು ಖಾಲಿ ಮಾಡಿ. ಪ್ಲಾಟ್‌ಫಾರ್ಮ್ ಕಡೆಯ ಕಾಲನ್ನು ಮೊದಲು ಹೊರಗಿಡಿ, ಮೈಯನ್ನು ಆ ಕಡೆಗೇ ಓರೆ ಮಾಡಿ. ಒಂದು ಕೈ ಸೀಟಿನ ಹಿಂದಿನ ಅಂಚಿಗೆ, ಇನ್ನೊಂದು ಮುಂದಿನ ಅಂಚಿಗೆ ಕೊಟ್ಟು ಆಚೆ ಬದಿಯ ಸೊಂಟವನ್ನಷ್ಟೇ ಎತ್ತಿ. ಎರಡೂ ಬದಿಯನ್ನು ಒಟ್ಟಿಗೆ ಎತ್ತಲು ಹೋದರೆ ಬಾಟಲಿಯ ಬಿರಡೆಯ ಹಾಗೆ ಬಿಗಿಯುತ್ತದೆ. ಇಬ್ಬರು ನೆಂಟರು ಆಚೆ ಈಚೆ ನಿಂತು ಕಂಕುಳಿಗೆ ಕೈ ಹಾಕಿ ಎಳೆಯುವುದರಿಂದ ಭುಜ ಉಳುಕುವುದಷ್ಟೇ ಲಾಭ. ಸೋಪಿನ ನೀರು ಫೈಬರ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೂ ಬಗ್ಗದಿದ್ದರೆ, ಸೀಟಿನಡಿಯ ಬೋಲ್ಟು ಬಿಚ್ಚಲು ಪಾರ್ಕಿನ ಮೆಕ್ಯಾನಿಕ್ಕನ್ನೇ ಕರೆಸಿ. ಅವರೂ ಸಿಗದಿದ್ದರೆ ಅಗ್ನಿಶಾಮಕ ದಳದ 101 ಇದ್ದೇ ಇದೆ, ನಾಚಿಕೆ ಬೇಡ.

ಸಿಕ್ಕಿಕೊಳ್ಳುವುದರಲ್ಲಿ ಸೀಟಿನಷ್ಟೇ ಪಾಲು ತೊಡೆಯ ಮೇಲೆ ಬಂದು ಕೂರುವ ಬಾರ್‌ನದೂ ಇದೆ. ಅದರ ಬುಡದಲ್ಲಿ ಒಂದು ಹಲ್ಲಿನ ಚಕ್ರ, ಹಲ್ಲಿಗೆ ಕಚ್ಚಿಕೊಳ್ಳಲು ಒಂದು ನಾಲಿಗೆ. ಬಾರ್ ಕೆಳಕ್ಕೆ ಬರುವಾಗ ನಾಲಿಗೆ ಟಕ್ ಟಕ್ ಎಂದು ಹಲ್ಲು ದಾಟುತ್ತದೆ, ಮೇಲಕ್ಕೆ ಹೋಗಲು ಮಾತ್ರ ಬಿಡುವುದಿಲ್ಲ. ಸವಾರಿ ಮುಗಿದ ಮೇಲೆ ಆಪರೇಟರ್ ಪೆಡಲ್ ತುಳಿದರೆ ನಾಲಿಗೆ ಹಲ್ಲಿನಿಂದ ಸರಿಯಬೇಕು. ಅಷ್ಟರಲ್ಲಿ ಗಾಬರಿಯಾದ ಅಪ್ಪ ಎರಡೂ ಕೈಯಲ್ಲಿ ಬಾರನ್ನು ಮೇಲಕ್ಕೆ ನೂಕಲು ಶುರು ಮಾಡಿರುತ್ತಾರೆ. ಆ ನೂಕು ಪೂರಾ ನಾಲಿಗೆಯ ಮೇಲೆ ಬಿದ್ದು ಅದು ಹಲ್ಲಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ, ಪೆಡಲ್ ಅಲ್ಲಾಡುವುದಿಲ್ಲ. ‘ಲಾಕ್ ಕೆಟ್ಟಿದೆ, ಮ್ಯಾನೇಜರನ್ನು ಕರೀರಿ’ ಎಂದು ಗಲಾಟೆ ಏಳುತ್ತದೆ. ಲಾಕ್ ಕೆಟ್ಟಿರುವುದಿಲ್ಲ. ಬಾರನ್ನು ಒಂದು ಚೂರು ಕೆಳಕ್ಕೆ ಒತ್ತಿ ಹಿಡಿದರೆ ನಾಲಿಗೆ ಸಡಿಲವಾಗುತ್ತದೆ, ಆಗ ಪೆಡಲ್ ತುಳಿಯಲಿ. ಬಿಗಿಯಾದ ಚಿಲಕ ತೆಗೆಯಲು ಬಾಗಿಲನ್ನು ಸ್ವಲ್ಪ ಒತ್ತಿ ಹಿಡಿಯುತ್ತೇವಲ್ಲ, ಅದೇ ಉಪಾಯ.

ಇದೇ ಬಾರ್‌ನಲ್ಲಿ ನಗು ನಿಲ್ಲುವ ವಿಷಯವೂ ಒಂದಿದೆ. ಇಬ್ಬರಿಗೆ ಒಂದೇ ಬಾರ್ ಇದ್ದರೆ ಅದು ದಪ್ಪಗಿರುವವರ ತೊಡೆಗೆ ತಾಗಿ ನಿಲ್ಲುತ್ತದೆ. ಕೂತಾಗ ದೊಡ್ಡವರ ತೊಡೆಯ ದಪ್ಪ ಸುಮಾರು 6 ಇಂಚು, ಐದು ವರ್ಷದ ಮಗುವಿನದು ಮೂರೂವರೆ. ಅಂದರೆ ಅಪ್ಪ ಪಕ್ಕದಲ್ಲಿ ಕೂತ ಕಾರಣಕ್ಕೇ ಮಗುವಿಗೂ ಬಾರಿಗೂ ನಡುವೆ ಎರಡೂವರೆ ಇಂಚು ಖಾಲಿ. ಅಪ್ಪನ ಹೊಟ್ಟೆ ಮುಂದೆ ಬಂದಿದ್ದರೆ ಇನ್ನೂ ಹೆಚ್ಚು. ರೈಲು ದಿಬ್ಬ ಹತ್ತಿ ಇಳಿಯುವಾಗ ಮಗು ಏಳುವುದು, ಮುಂದಕ್ಕೆ ಜಾರುವುದು ಆ ಸಂದಿಯಲ್ಲೇ. ಧೈರ್ಯಕ್ಕೆಂದು ಜೊತೆಗೆ ಕೂತವರೇ ಬಾರನ್ನು ಎತ್ತಿ ಹಿಡಿದಂತಾಯಿತು. ಬಾರ್ ಇಬ್ಬರಿಗೂ ಬೇರೆ ಬೇರೆ ಇದೆಯೇ, ಮಗುವಿಗೆ ಬೆಲ್ಟು ಇದೆಯೇ ಎಂದು ನೋಡಿಕೊಂಡೇ ಹತ್ತಬೇಕು. ಎರಡೂ ಇಲ್ಲದಿದ್ದರೆ ಮಗುವಿನ ಜೊತೆಗೆ ಅಷ್ಟೇ ಎತ್ತರದ ಇನ್ನೊಂದು ಮಗು ಕೂರುವುದು ವಾಸಿ.

ಯಾರು ಯಾವ ಬದಿಗೆ ಕೂರಬೇಕೆನ್ನುವುದನ್ನೂ ಹೆಚ್ಚಿನವರು ಯೋಚಿಸುವುದಿಲ್ಲ. ಸುತ್ತುವ ಯಾವುದೇ ಸವಾರಿಯಲ್ಲಿ ಕೂತವರು ಹೊರಬದಿಗೆ ಜಾರುತ್ತಾರೆ. 80 ಕೆ.ಜಿ. ಅಪ್ಪ ಒಳಬದಿಗೂ 18 ಕೆ.ಜಿ. ಮಗು ಹೊರಬದಿಗೂ ಕೂತರೆ ಮೂರನೇ ಸುತ್ತಿಗೆ ಮಗು ಚಪಾತಿ. ದೊಡ್ಡವರು ಯಾವಾಗಲೂ ಹೊರಗೆ, ಮಗು ಒಳಗೆ.

ದೊಡ್ಡ ತಟ್ಟೆಯ ಮೇಲೆ ಕಪ್ಪಿನಾಕಾರದ ಸೀಟುಗಳು ಗಿರಗಿರ ಸುತ್ತುವ ಟೀ ಕಪ್ ಸವಾರಿಯದು ಬೇರೆ ಕಥೆ. ಅಲ್ಲಿ ಸಿಕ್ಕಿಕೊಳ್ಳುವುದು ಸೊಂಟವಲ್ಲ, ತಲೆ. ಕಿವಿಯೊಳಗಿನ ಮೂರು ಅರ್ಧವೃತ್ತದ ನಾಳಗಳಲ್ಲಿ ದ್ರವ ಇದೆ. ತಲೆ ತಿರುಗಿದಾಗ ಅದು ಸ್ವಲ್ಪ ಹಿಂದೆ ಉಳಿಯುತ್ತದೆ, ತಿರುಗುವುದು ನಿಂತಾಗ ತಾನು ಮಾತ್ರ ಸಾಗುತ್ತಲೇ ಇರುತ್ತದೆ. ಇಳಿದ ಮೇಲೂ ಬೇಲಿ, ಐಸ್‌ಕ್ರೀಂ ಗಾಡಿ, ಹೆಂಡತಿ ಎಲ್ಲ ಸುತ್ತುವುದು ಅದಕ್ಕೇ. ತಟ್ಟೆಯೂ ತಿರುಗುತ್ತಿದೆ, ಅದರ ಮೇಲೆ ಕಪ್ಪೂ ತಿರುಗುತ್ತಿದೆ ಎನ್ನುವಾಗ ಬಿದ್ದ ಚಪ್ಪಲಿ ಹೆಕ್ಕಲು ಬಗ್ಗಿದಿರೋ, ಕೆಟ್ಟಿರಿ. ತಿರುಗುತ್ತಿರುವ ತಲೆಯನ್ನು ಇನ್ನೊಂದು ದಿಕ್ಕಿಗೆ ಬಾಗಿಸಿದರೆ ಮೂರೂ ನಾಳಗಳು ಒಂದೊಂದು ವರದಿ ಕೊಡುತ್ತವೆ, ಬೆಳಿಗ್ಗೆ ತಿಂದ ಮಸಾಲೆದೋಸೆ ಅದಕ್ಕೆ ಉತ್ತರ ಕೊಡುತ್ತದೆ. ತಲೆ ನೇರ ಇಟ್ಟು, ಹೊರಗೆ ನೋಡದೆ, ನಡುವಿನ ಚಕ್ರವನ್ನೋ ಎದುರಿನ ಮಗುವಿನ ಮುಖವನ್ನೋ ನೋಡುತ್ತಿರಿ. ಆ ಚಕ್ರ ತಿರುಗಿಸಿದಷ್ಟೂ ಕಪ್ಪಿನ ವೇಗ ಏರುತ್ತದೆ, ಅದನ್ನು ಪೂರ್ತಿ ಮಗುವಿನ ಕೈಗೆ ಬಿಡಬೇಡಿ.

ಟಿಕೆಟ್ ಇಲ್ಲದ ಜಾಗದಲ್ಲೂ ಅಪಾಯ ಇದೆ, ಅದನ್ನು ಯಾರೂ ಬೋರ್ಡಿನಲ್ಲಿ ಬರೆಯುವುದಿಲ್ಲ. ಬಡಾವಣೆಯ ಪಾರ್ಕಿನ ಜಾರುಬಂಡೆಯನ್ನೇ ನೋಡಿ. ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಮ್ಮ ಜಾರುತ್ತಾರೆ. ಬೀಳಬಾರದಲ್ಲ ಎಂಬ ಕಾಳಜಿ. ಮಗು ಒಂಟಿಯಾಗಿ ಜಾರುವಾಗ ಶೂ ಅಂಚಿಗೆ ತಗುಲಿದರೆ ಹಗುರ ಮೈ ಅಲ್ಲೇ ನಿಲ್ಲುತ್ತದೆ ಇಲ್ಲವೇ ಓರೆಯಾಗುತ್ತದೆ. ತೊಡೆಯ ಮೇಲಿದ್ದಾಗ ಹಾಗಲ್ಲ. ರಬ್ಬರ್ ಸೋಲು ಅಂಚಿಗೆ ಕಚ್ಚಿ ಪಾದ ನಿಂತಿತು, ಹಿಂದಿನಿಂದ ಅರವತ್ತು-ಎಪ್ಪತ್ತು ಕೆ.ಜಿ. ಭಾರ ಕೆಳಕ್ಕೆ ಹೋಗುತ್ತಲೇ ಇದೆ. ನಡುವೆ ತಿರುಚಿಕೊಳ್ಳುವುದು ಮಗುವಿನ ಮೊಣಕಾಲಿನ ಕೆಳಗಿನ ಮೂಳೆ. ಮೂಳೆ ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ಮುರಿತ. ಒಂಟಿಯಾಗಿ ಜಾರಲಾಗದ ಮಗುವಿಗೆ ಆ ಜಾರುಬಂಡೆ ಇನ್ನೂ ಬೇಡ, ಅಷ್ಟೇ. ಜಾರುವ ಮಗುವಿನ ಪಕ್ಕದಲ್ಲಿ ನಿಂತು ಕೈ ಕೊಡಿ. ಮೇಲಕ್ಕೆ ಹತ್ತಿಯಾಗಿದೆ, ಇಳಿಯಲೇಬೇಕು ಎಂದಾದರೆ ಮಗುವಿನ ಶೂ ಬಿಚ್ಚಿಸಿ, ಅದರ ಎರಡೂ ಕಾಲನ್ನು ನಿಮ್ಮ ಕಾಲುಗಳ ನಡುವೆ ಇಟ್ಟುಕೊಳ್ಳಿ, ಅಂಚಿಗೆ ತಾಗಕೂಡದು.

ಇನ್ನುಳಿದವು ಸಣ್ಣವು. ಗಾಳಿ ಸಿಲಿಂಡರಿನ ಮೇಲೆ ಏರಿಳಿಯುವ ಕಪ್ಪೆ ಸವಾರಿಯಲ್ಲಿ ನಾಲ್ವರು ದೊಡ್ಡವರು ಕೂತರೆ ಅದು ಅರ್ಧಕ್ಕೇ ಉಸ್ಸೆಂದು ನಿಲ್ಲುತ್ತದೆ. ಪರಿಷೆ, ಜಾತ್ರೆಗಳಲ್ಲಿ ಕೈಯಿಂದ ತಿರುಗಿಸುವ ತೊಟ್ಟಿಲಿನಲ್ಲಿ ಎದುರು ಬದಿ ಖಾಲಿ ಇಟ್ಟು ಅಪ್ಪನೊಬ್ಬನೇ ಹತ್ತಿದರೆ ತಿರುಗಿಸುವವನ ಕೈ ಮೀರಿ ಅದು ಓಡುತ್ತದೆ. ದುಪಟ್ಟಾ, ಸೆರಗು, ಬಿಟ್ಟ ಜಡೆ ಇವನ್ನು ಹತ್ತುವ ಮುಂಚೆಯೇ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ನೆಲಕ್ಕಂಟಿದಂತೆ ಓಡುವ ಪುಟ್ಟ ರೇಸ್ ಕಾರು ಗೋ-ಕಾರ್ಟಿನಲ್ಲಿ ಇದು ಪ್ರಾಣದ ಪ್ರಶ್ನೆ, ಹಿಂದಿನ ಚಕ್ರಗಳ ಆಕ್ಸಲ್ಲಿಗೆ ಬಟ್ಟೆ ಸುತ್ತಿಕೊಂಡರೆ ಬಿಡಿಸಲು ಸಮಯ ಸಿಗುವುದಿಲ್ಲ.

ಈಗ ಬೋರ್ಡಿನ ವಿಷಯ. ಪ್ರತಿ ಸವಾರಿಯ ಮುಂದೆ ಮಕ್ಕಳ ಎತ್ತರ ಅಳೆಯಲು ಜಿರಾಫೆಯ ಚಿತ್ರ ಇರುತ್ತದೆ. ಇಂತಿಷ್ಟು ಎತ್ತರಕ್ಕಿಂತ ಕಡಿಮೆ ಇದ್ದರೆ ‘ದೊಡ್ಡವರ ಜೊತೆ ಬರತಕ್ಕದ್ದು’ ಎಂದು ಬರೆದಿರುತ್ತದೆ. ಆ ದೊಡ್ಡವರು ಎಷ್ಟು ದೊಡ್ಡವರಿರಬಹುದು ಎಂದು ಎಲ್ಲೂ ಇಲ್ಲ! ಸೀಟು ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ತಯಾರಕರು ಕೊಟ್ಟಿರುತ್ತಾರೆ. ಆದರೆ ಅದು ಇರುವುದು ಕಚೇರಿಯ ಕಡತದಲ್ಲಿ, ಇಲ್ಲವೇ ಯಂತ್ರದ ಮಗ್ಗುಲಿಗೆ ಹೊಡೆದ ಅಂಗೈಯಗಲದ ತಗಡಿನಲ್ಲಿ, ಅದೂ ಇಂಗ್ಲಿಷಿನಲ್ಲಿ. ಈ ಸವಾರಿಗಳಿಗೆಂದೇ ಐಎಸ್ 15475 ಎಂಬ ಭಾರತೀಯ ಮಾನಕ ಇದೆ. ಪರವಾನಗಿ ಕೊಡುವವರು ಆ ಕಡತ ನೋಡಿದ ದಿನವೇ, ಸೀಟಿಗೆ ಎಷ್ಟು ಕೆ.ಜಿ., ಬಾರ್ ಒಂದೋ ಎರಡೋ ಎನ್ನುವುದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಬಾಗಿಲಿಗೆ ಬರೆಸಲಿ.

ಅದಕ್ಕಿಂತ ಸುಲಭದ ಇನ್ನೊಂದು ಕೆಲಸವೂ ಇದೆ. ಹಳೆಯ ಡಬ್ಬಿಯೊಂದು ಶೆಡ್ಡಿನಲ್ಲಿ ಬಿದ್ದಿದ್ದರೆ ಅದರ ಚಕ್ರ ಕಳಚಿ, ಬಣ್ಣ ಬಳಿದು, ಟಿಕೆಟ್ ಕೌಂಟರಿನ ಪಕ್ಕ ನೆಲಕ್ಕೆ ಬಿಗಿದರೆ ಆಯಿತು. ದುಡ್ಡು ಕೊಡುವ ಮುಂಚೆ ಅಪ್ಪ-ಅಮ್ಮ ಅದರಲ್ಲಿ ಒಮ್ಮೆ ಕೂತು, ಬಾರ್ ಇಳಿಸಿ, ಎದ್ದು ನೋಡಲಿ. ಬಾರಿನ ನಾಲಿಗೆಯನ್ನು ಮಾತ್ರ ಮರೆಯದೆ ಬಿಚ್ಚಿಟ್ಟಿರಬೇಕು. ಇಲ್ಲದಿದ್ದರೆ ವಿಡಿಯೊ ತೆಗೆಯುವವರ ಗುಂಪು ಕೌಂಟರಿನ ಮುಂದೆಯೇ ಸೇರುತ್ತದೆ.

– ಸವಾರಿ ಯಂತ್ರಗಳ ಇಬ್ಬರು ಮೆಕ್ಯಾನಿಕ್‌ಗಳು
ಪೀಣ್ಯ, ಬೆಂಗಳೂರು